ಕೈ ಎತ್ತಿದರೆ ರೆಕ್ಕೆ ಮೂಳೆ ಕಟಕ್ ಅನ್ನುತ್ತೆ, ಬೆಂಚ್ ಪ್ರೆಸ್ ಬಿಡಬೇಕಾ?

ಕಬ್ಬಿಣದ_ಕಡಲೆ: ಬಲಗೈ ಎತ್ತಿದರೆ ಸಾಕು, ಬೆನ್ನಿನ ರೆಕ್ಕೆ ಮೂಳೆ ಕಟಕ್ ಅನ್ನುತ್ತದೆ. ಪಕ್ಕದವರಿಗೂ ಕೇಳಿಸುತ್ತದೆ. ಎಕ್ಸ್‌ರೇ ನಾರ್ಮಲ್ ಅಂದರು. ಮಾತ್ರೆ, ಸ್ಪ್ರೇ ಎಲ್ಲಾ ಆಯ್ತು. ತಲೆ ಕೆಟ್ಟಿದೆ, ಯಾರಾದರೂ ಹೇಳಿ.

ಬಸವ_ಲಿಫ್ಟ್ಸ್: ಮಲಗಿ ಬಾರ್ ಎತ್ತುವಾಗ, ಅದೇ ಬೆಂಚ್ ಪ್ರೆಸ್‌ನಲ್ಲಿ, ನಿಮ್ಮ ಗ್ರಿಪ್ ಜಾಸ್ತಿ ಅಗಲ, ಅಷ್ಟೇ. ಮೊಣಕೈ ಒಳಗೆ ತನ್ನಿ.

ಕಬ್ಬಿಣದ_ಕಡಲೆ: ಅದೂ ಮಾಡಿ ನೋಡಿದೆ. ಅದೇ ಕಥೆ.

ಬಸವ_ಲಿಫ್ಟ್ಸ್: ಹಾಗಾದರೆ ಬಾರ್ ಇಳಿಸುವ ಜಾಗ ಸರಿಯಿಲ್ಲ. ವಿಡಿಯೋ ಹಾಕಿ.

ಡಂಬೆಲ್_ದೇವ: ಬಾರ್ ಬಿಡಿ, ಡಂಬೆಲ್ ಹಿಡಿಯಿರಿ. ಭುಜಕ್ಕೆ ಬಾರ್ ಶತ್ರು.

ಬಸವ_ಲಿಫ್ಟ್ಸ್: ಶುರು ಆಯ್ತು ಇವರದ್ದು. ಬಾರ್ ಎತ್ತೋಕೆ ಬರದವರೆಲ್ಲ ಹೀಗೇ ಅನ್ನೋದು.

ಫಿಸಿಯೋ_ಮಾವ: ಜಗಳ ಆಮೇಲೆ ಆಡಿ. ನೋವಿದೆಯಾ, ಬರೀ ಸದ್ದಾ? ಬರೀ ಸದ್ದಾದರೆ ಸಾಮಾನ್ಯವಾಗಿ ಚಿಕಿತ್ಸೆಯೇ ಬೇಡ.

ಕಬ್ಬಿಣದ_ಕಡಲೆ: ನೋವಿಲ್ಲದಿದ್ದರೆ ಇಲ್ಲಿ ಯಾಕೆ ಸರ್ ಕೇಳುತ್ತಿದ್ದೆ? ಮೂಳೆಯ ಮೇಲಿನ ಒಳ ಮೂಲೆಯಲ್ಲಿ ಒತ್ತಿದರೆ ಜೀವ ಹೋಗುತ್ತದೆ. ಹೋದ ವರ್ಷ ಬೈಕಿಂದ ಬಿದ್ದಾಗಲೂ ಇಷ್ಟು ನೋವಿರಲಿಲ್ಲ.

ಫಿಸಿಯೋ_ಮಾವ: ಬೈಕಾ! ಇದನ್ನು ಈಗ ಹೇಳುತ್ತೀರಲ್ಲ ಮಾರಾಯ್ರೇ. ರೆಕ್ಕೆ ಮೂಳೆ ಪಕ್ಕೆಲುಬಿನ ಮೇಲೆ ಜಾರುತ್ತದೆ. ಮಧ್ಯೆ ಸ್ನಾಯು, ಬರ್ಸಾ ಅನ್ನೋ ತೆಳು ಚೀಲ. ಆ ಚೀಲ ಊದಿಕೊಂಡರೂ ಸದ್ದು, ನೋವು ಎರಡೂ ಬರುತ್ತವೆ. ಮುರಿದ ಪಕ್ಕೆಲುಬು ಸೊಟ್ಟಗೆ ಕೂಡಿಕೊಂಡರೂ ಅಷ್ಟೇ. ಮೂಳೆಯ ಒಳಮುಖಕ್ಕೆ ಗಂಟು ಬೆಳೆದಿದ್ದರೂ ಅಷ್ಟೇ. ಇವು ಮಾಮೂಲಿ ಎಕ್ಸ್‌ರೇಯಲ್ಲಿ ತಪ್ಪಿಹೋಗಬಹುದು. ಓರೆಯಾಗಿ ತೆಗೆಯುವ ವೈ ವ್ಯೂ ಅನ್ನೋ ಎಕ್ಸ್‌ರೇ ಇದೆ, ಅದಕ್ಕಿಂತ ಸಿಟಿ ಸ್ಕ್ಯಾನ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಚೀಲ ನೋಡೋಕೆ ಎಂಆರ್‌ಐ.

ಡಂಬೆಲ್_ದೇವ: ನಾನು ಟೆರೇಸಲ್ಲಿ ಫುಲ್ ರ‍್ಯಾಕ್ ಹಾಕಿಸಿದ್ದೇನೆ. ಕೇಬಲ್, ಪುಲ್ಲಿ ಎಲ್ಲಾ ಇದೆ. ಕೇಬಲ್ ಎದೆಯತ್ತ ಎಳೆಯುವ ರೋ ಮಾಡಿದರೆ ನನಗಂತೂ ಇಂಥ ಸದ್ದೇ ಬರಲ್ಲ.

ಹೊಸಬ_ಹಾಸನ: ರ‍್ಯಾಕ್ ಎಷ್ಟಾಯ್ತು ಅಣ್ಣಾ?

ಕಬ್ಬಿಣದ_ಕಡಲೆ: ರ‍್ಯಾಕ್‌ಗೆ ಬೇರೆ ಥ್ರೆಡ್ ಮಾಡಿ ಪ್ಲೀಸ್. ಮಾವ, ಆಪರೇಷನ್ ಬೇಕಾಗುತ್ತಾ?

ಫಿಸಿಯೋ_ಮಾವ: ಅದು ಕೊನೆಗೆ. ಗಂಟು ಸಿಕ್ಕರೆ ಮಾತ್ರ ಲೆಕ್ಕ ಬೇರೆ. ಇಲ್ಲದಿದ್ದರೆ ಮೊದಲು ತಿಂಗಳುಗಟ್ಟಲೆ ವ್ಯಾಯಾಮ. ಗೋಡೆಗೆ ಪುಶ್‌ಅಪ್ ಮಾಡಿ, ಕೈ ನೇರವಾದ ಮೇಲೂ ಇನ್ನೊಂದು ಚೂರು ತಳ್ಳಿ. ರೆಕ್ಕೆ ಮೂಳೆಯನ್ನು ಪಕ್ಕೆಲುಬಿಗೆ ಒತ್ತಿ ಹಿಡಿಯುವ ಸೆರೇಟಸ್ ಸ್ನಾಯು ಗಟ್ಟಿಯಾಗಬೇಕು. ನೋವು ಜಾಸ್ತಿಯಾದರೆ ನಿಲ್ಲಿಸಿ. ಗೂನು ಹಾಕಿ ಮೊಬೈಲ್ ನೋಡೋದು ಬಿಡಿ. ಸಾಲದಿದ್ದರೆ ಚೀಲಕ್ಕೆ ಇಂಜೆಕ್ಷನ್. ಮರಗಟ್ಟಿಸುವ ಔಷಧಿ ಹಾಕಿದ ತಕ್ಷಣ ನೋವು ಹೋದರೆ ಮೂಲ ಅಲ್ಲೇ ಅಂತ ಹೆಚ್ಚುಕಡಿಮೆ ಗೊತ್ತಾಗುತ್ತದೆ. ಭುಜ ನೋಡುವ ಮೂಳೆ ಡಾಕ್ಟರ ಹತ್ತಿರ ಹೋಗಿ, ಬಿದ್ದಿದ್ದು ಮೊದಲು ಹೇಳಿ.

ಬಸವ_ಲಿಫ್ಟ್ಸ್: ಎಲ್ಲಾ ಸರಿ, ಗ್ರಿಪ್ ವಿಡಿಯೋ ಎಲ್ಲಿ?

ಡಂಬೆಲ್_ದೇವ: @ಹೊಸಬ_ಹಾಸನ ರೇಟ್ ಇನ್‌ಬಾಕ್ಸ್‌ಗೆ ಹಾಕಿದ್ದೇನೆ.