ಅಮೆರಿಕದ ಎನ್‌ಬಿಎ ಬಾಸ್ಕೆಟ್‌ಬಾಲ್ ಲೀಗಿನ ಅಲೆನ್ ಐವರ್ಸನ್ ನಿಜಕ್ಕೂ ದೊಡ್ಡ ಆಟಗಾರನಾ, ಬರೀ ಶಾಟ್ ಹೊಡೆದವನಾ?

ಕದ್ರಿಗುಡ್ಡೆ: 4 ಸಲ ಲೀಗಿನ ಟಾಪ್ ಸ್ಕೋರರ್, 2001ರ ಎಂವಿಪಿ (ಲೀಗಿನ ಅತ್ಯುತ್ತಮ ಆಟಗಾರ), ಎಲ್ಲ ಸರಿ. ಆದರೆ ಇಡೀ ವೃತ್ತಿಜೀವನದಲ್ಲಿ ಹೊಡೆದ ಶಾಟ್‌ಗಳಲ್ಲಿ ಬುಟ್ಟಿಗೆ ಬಿದ್ದದ್ದು ಶೇ. 42.5, ದೂರದ ತ್ರೀ ಪಾಯಿಂಟರ್ ಶೇ. 31.3. ಚಾಂಪಿಯನ್‌ಶಿಪ್ ಒಂದೂ ಇಲ್ಲ. ಇವನನ್ನು ಯಾಕೆ ಇಷ್ಟು ಹೊತ್ತುಕೊಂಡು ತಿರುಗುವುದು ಮಾರ್ರೆ?

ಅಜ್ಜರಕಾಡು_ಗಾರ್ಡ್: 42.5 ಮಾತ್ರ ಹಿಡಿದರೆ ಲೆಕ್ಕ ತಪ್ಪುತ್ತದೆ. 2001ರಲ್ಲಿ ಇವನ ತಂಡ ಫಿಲಡೆಲ್ಫಿಯಾದಲ್ಲಿ ಸೆಂಟರ್ ಮುಟೊಂಬೊ, ಗಾರ್ಡ್ ಸ್ನೋ ಎಲ್ಲ ಡಿಫೆನ್ಸಿಗೆ ಗಟ್ಟಿ. ತಾನೇ ಶಾಟ್ ಹುಟ್ಟಿಸುವವರು ಬೇರೆ ಯಾರುಂಟು? ಶಾಟ್ ಹೊಡೆಯಲು ಇರುವ 24 ಸೆಕೆಂಡ್ ಮುಗಿಯುತ್ತಾ ಬಂದಾಗ ಬಾಲ್ ಇವನ ಕೈಗೇ. ಆಗಿನ ಶಾಟ್ ಚಂದ ಇರುವುದಿಲ್ಲ. ಆ ವರ್ಷ ಪಂದ್ಯಕ್ಕೆ ಸುಮಾರು 10 ಫ್ರೀ ಥ್ರೋ (ಫೌಲ್ ಆದಾಗ ಸಿಗುವ ಶಾಟ್), ಆ 42.5ರ ಲೆಕ್ಕಕ್ಕೆ ಅದನ್ನು ಯಾರೂ ಸೇರಿಸುವುದೇ ಇಲ್ಲ. ಬುಟ್ಟಿಯಿಂದ ದೂರದಲ್ಲಿ ಡಿಫೆಂಡರ್ ಮೈಮೇಲೆ ಕೈ ಇಟ್ಟು ತಡೆಯುವುದರ ಮೇಲೆ 2004-05ರಲ್ಲಿ ನಿಯಮ ಬಿಗಿಯಾಯಿತು. 2005-06ರಲ್ಲಿ ಇವನದ್ದು ಪಂದ್ಯಕ್ಕೆ 33.0 ಪಾಯಿಂಟ್, ಶೂಟಿಂಗ್ ಶೇ. 44.7.

ಸುರತ್ಕಲ್‌ಬಾಲ್: ಡಿಫೆನ್ಸ್ ಮಾತ್ರ ಹೊಗಳಬೇಡಿ. 3 ವರ್ಷ ಸ್ಟೀಲ್‌ನಲ್ಲಿ (ಎದುರಾಳಿಯಿಂದ ಬಾಲ್ ಕಸಿಯುವುದರಲ್ಲಿ) ಲೀಗಿಗೇ ಮೊದಲು, ಹೌದು. ಅದು ಪಾಸ್ ಬರುವ ದಾರಿಗೆ ನುಗ್ಗುವ ಜೂಜು. ತಪ್ಪಿದರೆ ಹಿಂದೆ ಮುಟೊಂಬೊ ಇದ್ದ, ಬಚಾವ್. 6 ಅಡಿಯ ಶೂಟಿಂಗ್ ಗಾರ್ಡ್ ಆದ್ದರಿಂದ ಎದುರಾಳಿಯ ಎತ್ತರದ ಗಾರ್ಡನ್ನು ಸ್ನೋ ಹಿಡಿಯಬೇಕಿತ್ತು. 2001ರ ಫೈನಲ್‌ನ ಮೊದಲ ಪಂದ್ಯದಲ್ಲಿ 48 ಪಾಯಿಂಟ್ ಹೊಡೆದು ಲೇಕರ್ಸನ್ನು ಸೋಲಿಸಿದ, ಆಮೇಲೆ ಸಾಲಾಗಿ 4 ಸೋಲು.

ಮಣಿಪಾಲ್3: ಇವನ ಕ್ರಾಸ್‌ಓವರ್ (ಡ್ರಿಬಲ್ ಮಾಡುತ್ತಾ ಬಾಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸುವುದು) ಬಿಟ್ಟು ಎಂತ ಚರ್ಚೆ! ತಲೆ, ಭುಜ ಮೊದಲು ಬಾಲ್ ಇರುವ ಕಡೆಗೇ ವಾಲಬೇಕು, ಡಿಫೆಂಡರ್ ಕಾಲು ಎತ್ತಿದ ಕ್ಷಣ ಮೊಣಕಾಲಿಗಿಂತ ಕೆಳಗಿಂದ ದಾಟಿಸಬೇಕು. ನಮ್ಮ ಹುಡುಗರ ಕೈ ಬಾಲಿನ ಅಡಿಗೆ ಹೋಗುತ್ತದೆ, ರೆಫರಿ ಕ್ಯಾರಿ (ಬಾಲ್ ಹೊತ್ತ ತಪ್ಪು) ಎಂದು ಸೀಟಿ ಊದುತ್ತಾರೆ. ಮಳೆಗಾಲದ ಪಾಚಿ ಹಿಡಿದ ಸಿಮೆಂಟ್ ಕೋರ್ಟಿನಲ್ಲಂತೂ ಬೇಡ, ಬೀಳುವುದು ಡಿಫೆಂಡರ್ ಅಲ್ಲ.

ಕದ್ರಿಗುಡ್ಡೆ: ಫ್ರೀ ಥ್ರೋ ಲೆಕ್ಕ ಒಪ್ಪಿದೆ. ಶೇ. 31.3 ವಾಪಸ್ ತೆಗೊಳ್ಳುವುದಿಲ್ಲ, ಆಯ್ತಾ.