ಓಹೇರ್‌ನಲ್ಲಿ ಇಳಿದ ಮಗಳು ಅರ್ಬಾನಾ ತಲುಪುವುದು ಹೇಗೆ?

ಅರಸೀಕೆರೆ ಅಪ್ಪ
ಎಲ್ಲರಿಗೂ ನಮಸ್ಕಾರ. ನಮ್ಮ ಷಡ್ಡಕರ ಮಗ ಅಮೆರಿಕದ ಕನ್ನಡಿಗರ ಈ ಗುಂಪಿಗೆ ಸೇರಿಸಿದ್ದಾನೆ. ಮಗಳಿಗೆ ಯೂನಿವರ್ಸಿಟಿ ಆಫ್ ಇಲಿನಾಯ್, ಅರ್ಬಾನಾ-ಶಾಂಪೇನ್‌ನಲ್ಲಿ ಎಂ.ಎಸ್. ಸೀಟು ಸಿಕ್ಕಿದೆ, ಸಿವಿಲ್. ಆಗಸ್ಟ್ ಎರಡನೇ ವಾರ ಬೆಂಗಳೂರಿನಿಂದ ಅಬುಧಾಬಿ ಮೇಲೆ ಶಿಕಾಗೋದ ಓಹೇರ್ ಏರ್‌ಪೋರ್ಟ್‌ಗೆ ಟಿಕೆಟ್ ಆಗಿದೆ. ಇಳಿಯುವುದು ಅಲ್ಲಿಯ ಸಂಜೆ ನಾಲ್ಕಕ್ಕೆ, ನಮಗೆ ಬೆಳಗಿನ ಜಾವ ಎರಡೂವರೆ. ಟಿಕೆಟ್ ಆದಮೇಲೆ ಮ್ಯಾಪ್ ನೋಡಿದರೆ ಯೂನಿವರ್ಸಿಟಿ ಶಿಕಾಗೋದಲ್ಲೇ ಇಲ್ಲ, ಇನ್ನೂ 220 ಕಿ.ಮೀ. ಕೆಳಗಿದೆ. ಅವಳ ಹತ್ತಿರ 23 ಕೆ.ಜಿ.ಯ ಎರಡು ಸೂಟ್‌ಕೇಸ್, ಒಂದು ಕೈಚೀಲ. ಒಬ್ಬಳೇ ಬರುತ್ತಿದ್ದಾಳೆ. ಏರ್‌ಪೋರ್ಟ್‌ನಿಂದ ಅಲ್ಲಿಗೆ ಹೇಗೆ ಹೋಗಬೇಕು, ರಾತ್ರಿ ಆದರೆ ಏನು ಮಾಡಬೇಕು, ಊರೊಳಗೆ ಓಡಾಟಕ್ಕೆ ಏನಿದೆ, ತಿಳಿದವರು ಹೇಳಿ. ಅವಳ ಅಮ್ಮ ನಿದ್ದೆ ಬಿಟ್ಟಿದ್ದಾಳೆ. ನಾನು ಬಿಟ್ಟಿಲ್ಲ ಅಂತ ತೋರಿಸಿಕೊಳ್ಳುತ್ತಿದ್ದೇನೆ.

ಶಾಂಬರ್ಗ್ ಟೆಕ್ಕಿ
ತುಂಬಾ ಸುಲಭ ಸರ್. ಓಹೇರ್ ಒಳಗೇ ಬ್ಲೂ ಲೈನ್ ಟ್ರೇನ್ ಸಿಗುತ್ತೆ, ಯುಐಸಿ-ಹಾಲ್‌ಸ್ಟೆಡ್ ಸ್ಟೇಷನ್‌ನಲ್ಲಿ ಇಳಿದರೆ ಕ್ಯಾಂಪಸ್ಸೇ ಎದುರಿಗೆ. ಖರ್ಚೂ ಕಮ್ಮಿ. ಟೆನ್ಶನ್ ಬೇಡ.

ಧಾರವಾಡದಾಕಿ, ಬ್ಲೂಮಿಂಗ್ಟನ್
ತಮ್ಮಾ, ಅದು ಶಿಕಾಗೋದಾಗಿನ ಕ್ಯಾಂಪಸ್. ಅವ್ರು ಕೇಳಾಕತ್ತಿದ್ದು ಅರ್ಬಾನಾ-ಶಾಂಪೇನ್. ಪೋಸ್ಟ್ ಪೂರ್ತಿ ಓದಿ ಹೇಳಪಾ, ಆ ಹುಡುಗಿ ಹಾಲ್‌ಸ್ಟೆಡ್‌ನಾಗ ಇಳದು ಎಲ್ಲಿಗೆ ಹೋಗಬೇಕು?

ನೇಪರ್‌ವಿಲ್ ಹಿರಿಯ
ಅರಸೀಕೆರೆಯವರೇ, ನೀವು ಒಂದು ಚೂರೂ ಯೋಚಿಸಬೇಡಿ. ಬಸ್ಸು ಗಿಸ್ಸು ಅಂತ ಯಾವುದೂ ಬುಕ್ ಮಾಡಬೇಡಿ. ನಾನೇ ಓಹೇರ್‌ಗೆ ಹೋಗಿ ಕರೆದುಕೊಂಡು ಬರುತ್ತೇನೆ. ನಮ್ಮ ಮನೆಯಲ್ಲಿ ಒಂದು ವಾರ ಇರಲಿ, ಮನೆಯಾಕೆ ಅನ್ನ ಸಾರು ಮಾಡಿ ಹಾಕುತ್ತಾಳೆ, ಅರೋರಾ ಬಾಲಾಜಿ ದೇವಸ್ಥಾನಕ್ಕೆ ಹೋಗಿ ಬರಲಿ, ಆಮೇಲೆ ನಿಧಾನವಾಗಿ ಶಾಂಪೇನ್‌ಗೆ ಬಿಡೋಣ. ನಾನು 1969ರಲ್ಲಿ ಈ ದೇಶಕ್ಕೆ ಬಂದಾಗ ಜೇಬಿನಲ್ಲಿ ಎಂಟು ಡಾಲರ್. ರಿಸರ್ವ್ ಬ್ಯಾಂಕ್ ಅಷ್ಟೇ ಕೊಡುತ್ತಿದ್ದದ್ದು. ಓಹೇರ್‌ನಲ್ಲಿ ನನ್ನ ಹೆಸರು ಹಿಡಿದು ಕರೆಯುವವರು ಒಬ್ಬರೂ ಇರಲಿಲ್ಲ. ಆವತ್ತೇ ತೀರ್ಮಾನ ಮಾಡಿದೆ, ನನಗೆ ಗೊತ್ತಾಗಿ ಒಬ್ಬ ಕನ್ನಡದ ಮಗು ಆ ಬಾಗಿಲಲ್ಲಿ ಒಂಟಿಯಾಗಿ ನಿಲ್ಲಬಾರದು ಅಂತ. ಕನ್ನಡ ಕೂಟ ಅಂತ ಇಟ್ಟುಕೊಂಡಿರುವುದು ಯುಗಾದಿಗೆ ಹೋಳಿಗೆ ತಿನ್ನುವುದಕ್ಕೆ ಮಾತ್ರವಲ್ಲ.

ಬೇ ಏರಿಯಾ ಮಾವ
ಹಿರಿಯರ ಮೇಲೆ ಗೌರವ ಇಟ್ಟುಕೊಂಡೇ ಹೇಳ್ತೀನಿ. ಎಂಟು ಡಾಲರ್ ಕಥೆ ಈ ಗುಂಪಿನಲ್ಲಿ ಎಲ್ಲರಿಗೂ ಬಾಯಿಪಾಠ ಆಗಿದೆ. ಆದರೆ ಆ ಎಂಟು ಡಾಲರ್ರೇ ಅಲ್ವಾ ನಿಮ್ಮನ್ನ ಈ ಮಟ್ಟಕ್ಕೆ ತಂದದ್ದು? ಇಪ್ಪತ್ತೆರಡು ವರ್ಷದ ಹುಡುಗಿ, ಎಂ.ಎಸ್. ಮಾಡೋಕೆ ಬರ್ತಿದ್ದಾಳೆ, ಒಂದು ಬಸ್ ಹತ್ತೋಕೆ ಬರಲ್ವಾ? ಅಪ್ಪ ಗುಂಪಿನಲ್ಲಿ ಕೇಳೋದು, ಅಂಕಲ್ ಕಾರು ತರೋದು, ಆಂಟಿ ಸಾರು ಮಾಡೋದು. ಆಮೇಲೆ ಈ ಮಕ್ಕಳು ಇಂಟರ್‌ವ್ಯೂನಲ್ಲಿ ಬಾಯಿ ಬಿಡಲ್ಲ ಅಂತ ನಾವೇ ಅಳ್ತೀವಿ. ನನ್ನ ಮಗಳು ಮಿಶಿಗನ್‌ಗೆ ಹೋದಾಗ ನಾನು ಬಿಡೋಕೂ ಹೋಗಲಿಲ್ಲ. ಈಗ ಅವಳೇ ನನಗೆ ಟ್ಯಾಕ್ಸ್ ಫೈಲ್ ಮಾಡಿಕೊಡ್ತಾಳೆ.

ಕುಡ್ಲದ ಹುಡುಗ, ಅರ್ಬಾನಾ
ಸರ್ ನಮಸ್ಕಾರ, ನಾನು ಅಲ್ಲೇ ಪಿಎಚ್‌ಡಿ ಮಾಡ್ತಾ ಇದ್ದೇನೆ. ಹೆದರುವಂಥದ್ದು ಏನೂ ಇಲ್ಲ, ಆದರೆ ಮೊದಲೇ ಗೊತ್ತಿರಬೇಕಾದ್ದು ಸುಮಾರು ಉಂಟು.

ಮೊದಲನೆಯದು ಅಬುಧಾಬಿ. ಅಲ್ಲಿಂದ ಅಮೆರಿಕಕ್ಕೆ ಹೋಗುವವರಿಗೆ ಇಮಿಗ್ರೇಷನ್, ಕಸ್ಟಮ್ಸ್ ಎರಡೂ ಅಬುಧಾಬಿಯಲ್ಲೇ ಮುಗಿಯುತ್ತದೆ. ಅಮೆರಿಕದ ಅಧಿಕಾರಿಗಳೇ ಅಲ್ಲಿ ಕೂತಿರ್ತಾರೆ. ಹಾಗಾಗಿ ಅಲ್ಲಿ ವಿಮಾನ ಬದಲಿಸುವುದಕ್ಕೆ ಮೂರು ಗಂಟೆಯಾದರೂ ಬೇಕು, ಡ್ಯೂಟಿ ಫ್ರೀ ನೋಡ್ತಾ ನಿಲ್ಲಬಾರದು. ಐ-20 (ಯೂನಿವರ್ಸಿಟಿ ವೀಸಾಕ್ಕೆ ಕೊಟ್ಟ ಪತ್ರ), ಪಾಸ್‌ಪೋರ್ಟ್, ಸೆವಿಸ್ ಫೀ (ವಿದೇಶಿ ವಿದ್ಯಾರ್ಥಿಗಳು ಅಮೆರಿಕ ಸರ್ಕಾರಕ್ಕೆ ಕಟ್ಟುವ ಫೀ) ರಸೀದಿ, ಓದಿಗೆ ಹಣ ಉಂಟು ಅಂತ ತೋರಿಸುವ ಕಾಗದ ಎಲ್ಲ ಕೈಚೀಲದಲ್ಲೇ ಇರಲಿ, ಸೂಟ್‌ಕೇಸ್‌ನಲ್ಲಿ ಬೇಡ. ಶಿಕಾಗೋದಲ್ಲಿ ಇಳಿದ ಮೇಲೆ ಲೋಕಲ್ ವಿಮಾನದಲ್ಲಿ ಬಂದವರ ಹಾಗೆ ಬ್ಯಾಗ್ ತಗೊಂಡು ಹೊರಗೆ ಬರುವುದು ಅಷ್ಟೇ.

ಓಹೇರ್‌ನಿಂದ ಮೂರು ದಾರಿ. ಒಂದು, ಪಿಯೋರಿಯಾ ಚಾರ್ಟರ್ ಬಸ್. ಏರ್‌ಪೋರ್ಟ್‌ನಿಂದ ನೇರ ಕ್ಯಾಂಪಸ್‌ಗೇ ಬರ್ತದೆ, ಸೂಟ್‌ಕೇಸ್ ಡಿಕ್ಕಿಗೆ ಹಾಕಿದರೆ ಇಳಿಯುವವರೆಗೆ ಮುಟ್ಟುವ ಕೆಲಸ ಇಲ್ಲ. ಸುಮಾರು ಮೂರು ಗಂಟೆ, ಟ್ರಾಫಿಕ್ ಇದ್ದರೆ ಜಾಸ್ತಿ. ಎರಡು, ಆಮ್‌ಟ್ರಾಕ್ ರೈಲು. ಆದರೆ ಅದು ಊರೊಳಗಿನ ಯೂನಿಯನ್ ಸ್ಟೇಷನ್‌ನಿಂದ ಹೊರಡುವುದು. ಅಲ್ಲಿಗೆ ಮುಕ್ಕಾಲು ಗಂಟೆ ಬ್ಲೂ ಲೈನ್‌ನಲ್ಲಿ ಹೋಗಿ ಕ್ಲಿಂಟನ್‌ನಲ್ಲಿ ಇಳಿಯಬೇಕು, ಅಲ್ಲಿ ಲಿಫ್ಟ್ ಇಲ್ಲ. 46 ಕೆ.ಜಿ. ಹೊತ್ತುಕೊಂಡು ಮೆಟ್ಟಿಲು ಹತ್ತಿ ಮೇಲೆ ನಡೆಯುವುದು ಮೊದಲ ದಿನಕ್ಕೆ ಬೇಡ. ಆಮೇಲೆ ಬೇಕಾದಷ್ಟು ಸಲ ಹೋಗಲಿ, ರೈಲು ಚಂದ ಉಂಟು. ಮೂರು, ಓಹೇರ್‌ನಿಂದ ಶಾಂಪೇನ್‌ನ ವಿಲ್ಲಾರ್ಡ್ ಏರ್‌ಪೋರ್ಟ್‌ಗೆ ಸಣ್ಣ ವಿಮಾನ. ಒಂದೇ ಟಿಕೆಟ್‌ನಲ್ಲಿ ಮಾಡಿಸಿದ್ದರೆ ಒಳ್ಳೆಯದಿತ್ತು, ಈಗ ಬೇರೆ ತಗೊಂಡರೆ ಬ್ಯಾಗ್‌ಗೆ ಮತ್ತೆ ದುಡ್ಡು, ಮೊದಲ ವಿಮಾನ ತಡವಾದರೆ ಎರಡನೆಯದಕ್ಕೆ ಯಾರೂ ಹೊಣೆ ಅಲ್ಲ.

ಹಾಗಾಗಿ ಬಸ್. ನಾಲ್ಕಕ್ಕೆ ಇಳಿದರೆ ಆರೂವರೆಯ ನಂತರದ ಬಸ್ ಬುಕ್ ಮಾಡಿ, ಅದಕ್ಕಿಂತ ಮೊದಲಿನದು ಬೇಡ. ವಿದೇಶದ ವಿಮಾನ ಹೆಚ್ಚಾಗಿ ಬರುವುದು ಟರ್ಮಿನಲ್ 5ಕ್ಕೆ. ಬಸ್ ನಿಲ್ಲುವ ಜಾಗ ಎಲ್ಲಿ ಅಂತ ಟಿಕೆಟ್‌ನಲ್ಲಿ ಬರೆದಿರ್ತದೆ, ಅದನ್ನು ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಳ್ಳಲಿ. ಟರ್ಮಿನಲ್‌ಗಳ ನಡುವೆ ಓಡಾಡುವ ಪುಟ್ಟ ರೈಲು ಉಂಟು, ಪುಕ್ಕಟೆ, ಇಡೀ ದಿನ ಓಡ್ತದೆ.

ಚಾಮುಂಡಿಪುರಂ, ಅರೋರಾ
ಬೇ ಏರಿಯಾದವರೇ, ಬಿಡೋಕೂ ಹೋಗಲಿಲ್ಲ ಅಂತ ಹೆಮ್ಮೆಯಿಂದ ಹೇಳ್ತಿದ್ದೀರಲ್ಲ, ನನಗೆ ಓದೋಕೆ ಒಂಥರಾ ಆಯ್ತು ಕಣ್ರೀ. ನಾವೂ ನಮ್ಮ ಮಗನ್ನ ಹಾಗೇ ಬೆಳೆಸಿದ್ವಿ. ಇಲ್ಲಿನವರ ಥರ, ಸ್ವಂತ ಕಾಲ ಮೇಲೆ ನಿಲ್ಲಲಿ ಅಂತ. ನಿಂತ. ಈಗ ಬಾಸ್ಟನ್‌ನಲ್ಲಿದ್ದಾನೆ, ಫೋನ್ ಮಾಡೋದು ನಾವೇ. ಮನೇಲಿ ಕನ್ನಡ ಮಾತಾಡಿದ್ರೆ ಸ್ಕೂಲಲ್ಲಿ ಹಿಂದೆ ಬೀಳ್ತಾನೆ ಅಂತ ಆವಾಗ ಯಾರೋ ಟೀಚರ್ ಹೇಳಿದ್ರು, ನಾನು ನಂಬಿದೆ. ನಮ್ಮತ್ತೆ ಸಾಯೋ ಮುಂಚೆ ಇವನ ಹತ್ರ ಏನೋ ಹೇಳ್ಬೇಕು ಅಂತ ಒದ್ದಾಡಿದ್ರು, ಅವನಿಗೆ ಅರ್ಥ ಆಗಲಿಲ್ಲ. ಅರಸೀಕೆರೆ ಸರ್, ನೀವು ಎಷ್ಟು ಬೇಕಾದ್ರೂ ಕೇಳಿ. ಕೇಳೋ ಅಪ್ಪ ಇರೋದು ಆ ಮಗೂ ಪುಣ್ಯ.

ಬೇ ಏರಿಯಾ ಮಾವ
ಮೇಡಂ, ನಾನು ಭಾಷೆ ವಿಷಯ ಎತ್ತಲೇ ಇಲ್ಲ. ನಮ್ಮ ಮಗಳು ಕನ್ನಡ ಓದಿ ಬರೀತಾಳೆ. ಸ್ವಾವಲಂಬನೆ ಬೇರೆ, ಸಂಸ್ಕಾರ ಬೇರೆ.

ಚಾಮುಂಡಿಪುರಂ, ಅರೋರಾ
ಸರಿ ಬಿಡಿ. ನಿಮ್ಮಷ್ಟು ನಮಗೆ ಗೊತ್ತಾಗಲಿಲ್ಲ.

ನೇಪರ್‌ವಿಲ್ ಹಿರಿಯ
ಬೇ ಏರಿಯಾದವರು ಸ್ವಾವಲಂಬನೆ ಅನ್ನುತ್ತಿದ್ದಾರೆ. ಒಪ್ಪಿದೆ. ಆದರೆ ಇಪ್ಪತ್ತೈದು ಗಂಟೆ ಪ್ರಯಾಣ ಮಾಡಿ ಬಂದ ಹುಡುಗಿ ರಾತ್ರಿ ಹತ್ತು ಗಂಟೆಗೆ ಗೊತ್ತಿಲ್ಲದ ಊರಲ್ಲಿ ಎರಡು ಪೆಟ್ಟಿಗೆ ಇಟ್ಟುಕೊಂಡು ನಿಂತರೆ ಅದು ಸ್ವಾವಲಂಬನೆಯೋ, ನಮ್ಮ ಸೋಮಾರಿತನವೋ? ನಮ್ಮ ಊರಲ್ಲಿ ನೆಂಟರು ಬರುತ್ತಾರೆ ಅಂದರೆ ಸ್ಟೇಷನ್‌ಗೆ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರು. ಈ ಗುಂಪಿನಲ್ಲಿ ಇಷ್ಟು ಜನ ಇದ್ದೀರಿ, ಒಬ್ಬರಾದರೂ ನಾನು ಬರುತ್ತೇನೆ ಅಂದಿರಾ? ಎಲ್ಲರೂ ಆ್ಯಪ್ ಹೇಳಿಕೊಡುವವರೇ. ಬಸ್ ಬೇಡ ಅಂದರೆ ಬೇಡ. ನಾನು ಬರುತ್ತೇನೆ.

ಧಾರವಾಡದಾಕಿ, ಬ್ಲೂಮಿಂಗ್ಟನ್
ಕಾಕಾ, ನಿಮ್ಮ ಪ್ರೀತಿ ದೊಡ್ಡದೈತ್ರಿ. ಆದ್ರ ರಾತ್ರಿ ಗಾಡಿ ಓಡಸಬ್ಯಾಡ್ರಿ ಅಂತ ನಿಮ್ಮ ಮಗಾನ ಹೋದ ಸಲದ ಪಿಕ್‌ನಿಕ್‌ನಾಗ ಎಲ್ಲಾರ ಮುಂದ ಹೇಳ್ಯಾನಲ್ರಿ. ಸಂಜೀಮುಂದ ಓಹೇರ್‌ನಿಂದ ನೇಪರ್‌ವಿಲ್‌ಗೆ ಬರೂದಂದ್ರ ಆ ಟ್ರಾಫಿಕ್ ಏನ್ ಸಾಮಾನ್ಯ ಅಲ್ಲ. ಮತ್ತ ಒಂದು ವಾರ ಇರ್ಲಿ ಅಂತೀರಿ, ಆಕಿ ಓರಿಯಂಟೇಷನ್ ಯಾವಾಗ ಅಂತ ಯಾರರ ಕೇಳೀರೇನು? ಮನಿ ಬಾಡಿಗಿ ಕರಾರು ಯಾವ ತಾರೀಖಿನಿಂದ ಸುರು ಅಂತ ಕೇಳೀರೇನು?

ಅರಸೀಕೆರೆ ಅಪ್ಪ
ಎಲ್ಲರಿಗೂ ಧನ್ಯವಾದ. ನನ್ನಿಂದ ಜಗಳ ಆಗಬಾರದು. ಹಿರಿಯರ ಮಾತು ಕೇಳಿ ಅವಳ ಅಮ್ಮ ಬಸ್ ಬೇಡ, ಅವರ ಮನೆಗೇ ಹೋಗಲಿ ಅನ್ನುತ್ತಿದ್ದಾಳೆ. ಮಗಳು ಬಸ್ಸಿಗೇ ಹೋಗುತ್ತೇನೆ ಅನ್ನುತ್ತಿದ್ದಾಳೆ. ಬಾಡಿಗೆ ಮನೆ ಸಿಗುವುದು 18ಕ್ಕೆ, ಅವಳು ಇಳಿಯುವುದು 13ಕ್ಕೆ. ಈ ಮಧ್ಯದ ದಿನ ಎಲ್ಲಿ ಇರುವುದು ಅಂತ ನಾವು ಯೋಚಿಸಿರಲೇ ಇಲ್ಲ. ಮತ್ತೆ, ಬಸ್ ತಪ್ಪಿದರೆ?

ಬೇ ಏರಿಯಾ ಮಾವ
ನೋಡಿ, ಮಗಳಿಗೇ ಧೈರ್ಯ ಇದೆ. ನಾನು ಹೇಳಿದ್ದು ಅದೇ.

ಮಂಡ್ಯ ಟು ಡಲ್ಲಾಸ್
ಬಸ್ಸು ರೈಲು ಎಲ್ಲ ಬಿಡಿ ಗುರುವೇ, ಅಮೆರಿಕದಲ್ಲಿ ಕಾರಿಲ್ಲ ಅಂದ್ರೆ ಕಾಲಿಲ್ಲ. ಅಲ್ಲಿಗೆ ಹೋದ ಮೊದಲ ವಾರವೇ ಒಂದು ಹಳೇ ಕೊರೊಲಾ ತಗೊಳ್ಳಿ ಅನ್ನಿ. ಇಲ್ಲಿ ಡಲ್ಲಾಸ್‌ನಲ್ಲಿ ಹಾಲು ತರೋಕೂ ಕಾರು ಬೇಕು.

ಕುಡ್ಲದ ಹುಡುಗ, ಅರ್ಬಾನಾ
ಡಲ್ಲಾಸ್ ಅಣ್ಣ, ಇದು ಡಲ್ಲಾಸ್ ಅಲ್ಲ. ಇಲ್ಲಿ ಎಂಟಿಡಿ ಅಂತ ಊರಿನ ಸಿಟಿ ಬಸ್ ಉಂಟು. ವಿದ್ಯಾರ್ಥಿಗಳ ಫೀಸಿನಲ್ಲೇ ಅದರ ದುಡ್ಡು ಸೇರಿರ್ತದೆ, ಯೂನಿವರ್ಸಿಟಿಯ ಗುರುತಿನ ಚೀಟಿ ಐ-ಕಾರ್ಡ್ ಇದ್ದರೆ ಮತ್ತೆ ಟಿಕೆಟ್ ಇಲ್ಲ. ಕಾರ್ಡ್ ಕೈಗೆ ಬರುವವರೆಗೆ ಒಂದು ಡಾಲರ್, ಚಿಲ್ಲರೆ ಸರಿಯಾಗಿ ಇಟ್ಟುಕೊಳ್ಳಬೇಕು. ನಾನು ಬಂದಾಗಿನಿಂದ ಕಾರು ಇಲ್ಲದೆಯೇ ಇದ್ದೇನೆ. ಪಾರ್ಕಿಂಗ್‌ಗೆ ಕೊಡುವ ದುಡ್ಡಲ್ಲಿ ಎರಡು ತಿಂಗಳ ಅಕ್ಕಿ ಬರ್ತದೆ. ಭಾನುವಾರ ಮತ್ತು ರಜೆಯಲ್ಲಿ ಬಸ್ ಕಮ್ಮಿ, ಅದು ಹೌದು. ರಾತ್ರಿ ಲೈಬ್ರರಿಯಿಂದ ಒಬ್ಬರೇ ಬರುವಾಗ ಬಸ್ ಇಲ್ಲದಿದ್ದರೆ ಸೇಫ್‌ರೈಡ್ಸ್ ಅಂತ ಉಂಟು, ಅದೂ ಎಂಟಿಡಿಯವರದ್ದೇ, ಕರೆದರೆ ಗಾಡಿ ಬರ್ತದೆ.

ಅಪ್ಪ ಸರ್, ಬಸ್ ತಪ್ಪಿದರೆ ಅದೇ ಸಂಜೆ ಮುಂದಿನದು ಉಂಟಾ ಅಂತ ಬುಕ್ ಮಾಡುವ ಮೊದಲೇ ನೋಡಿ. ಕೊನೆಯ ಬಸ್ಸನ್ನೇ ಬುಕ್ ಮಾಡಬೇಡಿ, ಕೊನೆಯದು ನಿಮಗೆ ರಿಸರ್ವ್ ಇದ್ದ ಹಾಗೆ. ಎರಡೂ ತಪ್ಪಿದರೆ ಏರ್‌ಪೋರ್ಟ್‌ನ ಒಳಗೇ ಹೋಟೆಲ್ ಉಂಟು, ದುಬಾರಿ, ಆದರೆ ಒಂದು ರಾತ್ರಿಗೆ ಹೊರಗೆಲ್ಲೂ ಹೋಗುವುದು ಬೇಡ. ವಾಟ್ಸಾಪ್‌ನಲ್ಲಿ ಯಾರೋ ರೈಡ್ ಕೊಡ್ತೇನೆ ಅಂತ ಬರ್ತಾರೆ, ಪರಿಚಯದ ಸೀನಿಯರ್ ಅಲ್ಲದಿದ್ದರೆ ಬೇಡ. ಊಬರ್‌ನಲ್ಲಿ ಶಿಕಾಗೋದಿಂದ ಇಲ್ಲಿಯವರೆಗೆ ಬರುವ ಯೋಚನೆಯೂ ಬೇಡ, ಒಂದು ತಿಂಗಳ ಊಟದ ಖರ್ಚು ಅಲ್ಲೇ ಹೋದೀತು.

ಮನೆ ವಿಷಯ ಇಲ್ಲಿ ಎಲ್ಲರಿಗೂ ಇರುವ ತಾಪತ್ರಯ. ಹಳೆಯ ಕರಾರು ಮುಗಿದು ಹೊಸದು ಸುರು ಆಗುವುದು ಆಗಸ್ಟ್ ನಡುವಿನಲ್ಲೇ, ಆ ವಾರ ಇಡೀ ಊರೇ ಮಂಚ ಹೊತ್ತುಕೊಂಡು ರಸ್ತೆಯಲ್ಲಿರ್ತದೆ. ಡಿಪಾರ್ಟ್‌ಮೆಂಟ್‌ನ ಹುಡುಗಿಯರ ಗುಂಪಲ್ಲಿ ಕೇಳಲಿ, ನೆಲದ ಮೇಲೆ ಹಾಸಿಗೆ ಹಾಕಿಕೊಳ್ಳಲು ಯಾರಾದರೂ ಜಾಗ ಕೊಡ್ತಾರೆ.

ಧಾರವಾಡದಾಕಿ, ಬ್ಲೂಮಿಂಗ್ಟನ್
ನಮ್ಮನಿಯಿಂದ ಶಾಂಪೇನ್ ಒಂದು ತಾಸಿನ ದಾರಿ. ಬಸ್ ಇಳಿಯೋ ಹೊತ್ತಿಗೆ ನಾನೂ ನನ್ನ ಗಂಡನೂ ಕ್ಯಾಂಪಸ್‌ನಾಗ ನಿಂತಿರ್ತೇವಿ. 18ರ ತನಕಾ ನಮ್ಮಲ್ಲೇ ಇರ್ಲಿ, ಓರಿಯಂಟೇಷನ್ ಇದ್ದ ದಿನ ಬಿಟ್ಟು ಬರ್ತೇನಿ. ಅಣ್ಣಾರ, ನನಗ ಬ್ಯಾರೆ ಮೆಸೇಜ್ ಹಾಕ್ರಿ, ನಂಬರ್ ಇಲ್ಲಿ ಬರೀಬ್ಯಾಡ್ರಿ. ಅಕ್ಕಾರಿಗೆ ಫೋನ್ ಕೊಡ್ರಿ, ನಾ ಮಾತಾಡತೇನಿ. ಹಸಿ ಕರಿಬೇವು ಮಾತ್ರ ಚೀಲದಾಗ ಹಾಕಬ್ಯಾಡ ಅನ್ರಿ, ಕಸ್ಟಮ್ಸ್‌ನಾಗ ಬಿಡೂದಿಲ್ಲ. ನಿಂಬಿ ಕಿತ್ತಳಿ ಗಿಡಕ್ಕ ರೋಗ ತರೋ ಹುಳ ಅದರಾಗಿರ್ತೈತಂತ. ಚಟ್ನಿಪುಡಿ, ಸಾರಿನಪುಡಿ ನಡೀತೈತಿ, ಆಹಾರ ಐತಿ ಅಂತ ಖರೇ ಹೇಳಿದ್ರಾತು. ಆಕಿ ಇಂಡಿಯಾ ಸಿಮ್ ಬಂದ್ ಮಾಡಸಬ್ಯಾಡ್ರಿ, ಬ್ಯಾಂಕಿನ ಓಟಿಪಿ ಅದಕ್ಕ ಬರ್ತಾವ.

ನೇಪರ್‌ವಿಲ್ ಹಿರಿಯ
ಬ್ಲೂಮಿಂಗ್ಟನ್‌ನವರು ಕರೆದುಕೊಂಡು ಹೋಗುವುದಾದರೆ ಸಂತೋಷ. ಆದರೂ ಓಹೇರ್ ಬಾಗಿಲಲ್ಲಿ ಯಾರಾದರೂ ಇರಬೇಕು ಎಂಬುದು ನನ್ನ ಅಭಿಪ್ರಾಯ. ನಾಲ್ಕು ಗಂಟೆ ಅಂದರೆ ಹಗಲೇ. ಮಗ ಹೇಳಿದ್ದು ರಾತ್ರಿ ಓಡಿಸಬೇಡಿ ಅಂತ.

ಬೇ ಏರಿಯಾ ಮಾವ
ಬಾಗಿಲಲ್ಲಿ ಒಬ್ಬರು, ಬಸ್ ಇಳಿದಾಗ ಇಬ್ಬರು. ಮುಖ್ಯಮಂತ್ರಿ ಬಂದರೂ ಇಷ್ಟು ಜನ ಹೋಗಲ್ಲ.

ಅಡ್ಮಿನ್
ಕುಡ್ಲದವರ ಎರಡು ಉತ್ತರ, ಧಾರವಾಡದವರ ಕೊನೆಯ ಉತ್ತರ ಮೇಲೆ ಪಿನ್ ಮಾಡಿದ್ದೇನೆ. ಇದೇ ಪ್ರಶ್ನೆ ಪ್ರತಿ ಜುಲೈನಲ್ಲಿ ಬರುತ್ತೆ, ಪ್ರತಿ ಸಲ ಉತ್ತರ ಜಗಳದ ಮಧ್ಯೆ ಹೂತು ಹೋಗುತ್ತೆ. ಮಕ್ಕಳನ್ನು ಹೇಗೆ ಬೆಳೆಸಬೇಕು ಅನ್ನುವುದಕ್ಕೆ ಬೇರೆ ಪೋಸ್ಟ್ ಹಾಕಿಕೊಳ್ಳಿ.

ಅರಸೀಕೆರೆ ಅಪ್ಪ
ಏಳು ಗಂಟೆಯ ಬಸ್ ಬುಕ್ ಮಾಡಿದೆವು, ಅದರ ನಂತರವೂ ಒಂದು ಇದೆ. ಬ್ಲೂಮಿಂಗ್ಟನ್ ತಂಗಿ ಅವಳ ಅಮ್ಮನ ಹತ್ತಿರ ಮುಕ್ಕಾಲು ಗಂಟೆ ಮಾತಾಡಿದರು. ನೇಪರ್‌ವಿಲ್‌ನವರೇ, ನಿಮ್ಮ ಮಾತು ನಾವು ಮರೆಯುವುದಿಲ್ಲ, ದಸರಾ ರಜೆಗೆ ಅವಳೇ ನಿಮ್ಮ ಮನೆಗೆ ಬರುತ್ತಾಳೆ. ಇನ್ನೊಂದೇ ಪ್ರಶ್ನೆ: ಮೂರು ಲೀಟರ್ ಕುಕ್ಕರ್ ತರಬೇಕೋ, ಅಲ್ಲೇ ಸಿಗುತ್ತದೋ?

ಕುಡ್ಲದ ಹುಡುಗ, ಅರ್ಬಾನಾ
ಇಲ್ಲಿ ದಸರಾ ರಜೆ ಇಲ್ಲ ಸರ್, ನವೆಂಬರ್‌ನಲ್ಲಿ ಥ್ಯಾಂಕ್ಸ್‌ಗಿವಿಂಗ್‌ಗೆ ಬಿಡುವು ಸಿಗ್ತದೆ, ಆಗ ರೈಲಿನಲ್ಲಿ ಹೋಗಲಿ. ಕುಕ್ಕರ್ ಇಲ್ಲೂ ಸಿಗ್ತದೆ.

ಚಾಮುಂಡಿಪುರಂ, ಅರೋರಾ
ಸಿಗುತ್ತೆ ಅಂತ ಬಿಟ್ಟು ಬರಬೇಡಿ ಕಣ್ರೀ, ಊರಿನ ಕುಕ್ಕರ್ರೇ ಬೇರೆ. ಗ್ಯಾಸ್ಕೆಟ್ ಎರಡು ಎಕ್ಸ್‌ಟ್ರಾ ಹಾಕಿಸಿ.

ಮಂಡ್ಯ ಟು ಡಲ್ಲಾಸ್
ಎಲೆಕ್ಟ್ರಿಕ್ ಕುಕ್ಕರ್ ತಗೊಳ್ಳಿ ಅನ್ನಿ. ವಿಷಲ್ ಹೊಡೆದರೆ ಪಕ್ಕದ ಮನೆಯವರು ಕಂಪ್ಲೇಂಟ್ ಕೊಡ್ತಾರೆ.

ನೇಪರ್‌ವಿಲ್ ಹಿರಿಯ
1969ರಲ್ಲಿ ನಾನು ಸಾಸ್‌ಪ್ಯಾನ್‌ನಲ್ಲೇ ಅನ್ನ ಮಾಡುತ್ತಿದ್ದೆ.