ಎರಡು ವಾರದ ಗಡುವು: ಮಗಳ ಟೆನಿಸ್ ಸ್ಕಾಲರ್‌ಶಿಪ್‌ಗೆ ಈಗಲೇ ಹೂಂ ಅನ್ನಬೇಕಾ?

ಪ್ರಶ್ನೆ (ಒಬ್ಬ ತಾಯಿ, ಮೈಸೂರು):
ನಮಸ್ತೆ ಸರ್. ಮಗಳು ಎರಡನೇ ಪಿಯುಸಿ, ಚಿಕ್ಕಂದಿನಿಂದ ಟೆನಿಸ್ ಆಡುತ್ತಾಳೆ. ಅಮೆರಿಕದ ಡಿವಿಷನ್ ಒನ್ (ಅಲ್ಲಿನ ಕಾಲೇಜು ಕ್ರೀಡೆಯ ಮೇಲಿನ ಹಂತ) ಕಾಲೇಜೊಂದರ ಕೋಚ್ ವಿಡಿಯೊ ಕಾಲ್‌ನಲ್ಲಿ 60 ಪರ್ಸೆಂಟ್ ಸ್ಕಾಲರ್‌ಶಿಪ್ ಕೊಡುತ್ತೇವೆ, ಎರಡು ವಾರದಲ್ಲಿ ಹೇಳಿ ಎಂದಿದ್ದಾರೆ. ಅವಳಿಗೆ ಜಾಸ್ತಿ ಇಷ್ಟವಾದ ಇನ್ನೊಂದು ಕಾಲೇಜಿನ ಕೋಚ್ ವಾರ ವಾರ ಮೆಸೇಜ್ ಮಾಡುತ್ತಾರೆ, ಆದರೆ ದುಡ್ಡಿನ ಮಾತೇ ಎತ್ತಿಲ್ಲ. ನಮ್ಮ ಯಜಮಾನರು ಕೈಗೆ ಬಂದಿದ್ದನ್ನು ಬಿಡಬೇಡ ಅನ್ನುತ್ತಾರೆ. ಮಗಳು ಕಾಯೋಣ ಅನ್ನುತ್ತಾಳೆ. ಏನು ಮಾಡಲಿ?

ಉತ್ತರ (ಅಮೆರಿಕದ ಕಾಲೇಜು ಟೆನಿಸ್ ತಂಡದಲ್ಲಿ ಸಹಾಯಕ ಕೋಚ್ ಆಗಿದ್ದವರು):
ನಮಸ್ತೆ ಮೇಡಂ. ನಿಮ್ಮ ಕೈಗೆ ಇನ್ನೂ ಏನೂ ಬಂದಿಲ್ಲ. ಬಾಯಿ ಮಾತಿನ ಆಫರ್ ಕೋಚ್‌ನನ್ನೂ ಕಟ್ಟಿಹಾಕುವುದಿಲ್ಲ, ನಿಮ್ಮನ್ನೂ ಕಟ್ಟಿಹಾಕುವುದಿಲ್ಲ. ಮೊದಲೆಲ್ಲ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ ಎಂಬ ಪತ್ರ ಇತ್ತು, ಆ ಕಾಲೇಜಿಗೇ ಸೇರುತ್ತೇನೆ ಎಂದು ಸಹಿ ಹಾಕುವುದು. ಡಿವಿಷನ್ ಒನ್‌ನಲ್ಲಿ ಅದನ್ನು 2024ರ ಅಕ್ಟೋಬರ್‌ನಲ್ಲಿ ತೆಗೆದರು. ಈಗ ಕಾಲೇಜು ಬರಹದಲ್ಲಿ ಕೊಡುವ ಸ್ಕಾಲರ್‌ಶಿಪ್ ಒಪ್ಪಂದವೇ ಗಟ್ಟಿ. ಅದಕ್ಕೆ ಸಹಿ ಬಿದ್ದರೆ ಬೇರೆ ಕಾಲೇಜಿನ ಕೋಚ್‌ಗಳು ಅವಳನ್ನು ಕರೆಯುವ ಹಾಗಿಲ್ಲ. ಹಾಗಾಗಿ ಮೊದಲು ಆ ಕಾಗದ ಕೇಳಿ.

ಆಮೇಲೆ ನೋಡಬೇಕಾದದ್ದು, 60 ಪರ್ಸೆಂಟ್ ಅಂದರೆ ಯಾವುದರ 60 ಅಂತ. ಬಹಳ ಮನೆಗಳು ಎಡವುವುದು ಇಲ್ಲೇ. ಲೆಕ್ಕಕ್ಕೆ ಹೇಳುತ್ತೇನೆ: ವರ್ಷದ ಒಟ್ಟು ಖರ್ಚು 50,000 ಡಾಲರ್, ಅದರಲ್ಲಿ ಟ್ಯೂಷನ್, ಅಂದರೆ ಕಾಲೇಜಿನ ಬೋಧನಾ ಶುಲ್ಕ, 32,000 ಅಂದುಕೊಳ್ಳಿ. ಒಟ್ಟು ಖರ್ಚಿನ 60 ಪರ್ಸೆಂಟ್ ಆದರೆ ನೀವು ಹಾಕಬೇಕಾದದ್ದು 20,000. ಬರೀ ಟ್ಯೂಷನ್‌ನ 60 ಆದರೆ 30,800. ನಾಲ್ಕು ವರ್ಷಕ್ಕೆ 43,200 ಡಾಲರ್ ವ್ಯತ್ಯಾಸ! ಇನ್ನೂ ಒಂದಿದೆ. ಹಾಸ್ಟೆಲ್, ಊಟಕ್ಕೆ ಕೊಡುವ ಸ್ಕಾಲರ್‌ಶಿಪ್ ಹಣಕ್ಕೆ ಅಲ್ಲಿ ತೆರಿಗೆ ಇದೆ, ಎಫ್-1 (ವಿದ್ಯಾರ್ಥಿ) ವೀಸಾದವರಿಗೆ ಸಾಮಾನ್ಯವಾಗಿ 14 ಪರ್ಸೆಂಟ್ ಹಿಡಿದುಕೊಳ್ಳುತ್ತಾರೆ. ವೀಸಾಕ್ಕೆ ಬೇಕಾದ, ಕಾಲೇಜು ಕೊಡುವ ಐ-20 ಎಂಬ ಪತ್ರ ಸಿಗಬೇಕಾದರೆ ಸ್ಕಾಲರ್‌ಶಿಪ್ ಬಿಟ್ಟು ಉಳಿದ ಮೊದಲ ವರ್ಷದ ದುಡ್ಡು ನಿಮ್ಮ ಹತ್ತಿರ ಇದೆ ಎಂದು ತೋರಿಸಬೇಕು. ಆ ಮೊತ್ತ ನಿಮ್ಮಿಂದ ಆಗುತ್ತಾ ಎಂದು ಮನೆಯಲ್ಲಿ ಇವತ್ತೇ ಕೂತು ಮಾತಾಡಿ.

ಎರಡನೇ ಕೋಚ್‌ಗೆ ಮಗಳೇ ಬರೆಯಲಿ, ನೀವು ಬೇಡ. ಸುತ್ತಿ ಬಳಸದೆ ಕೇಳಲಿ: "ನನಗೆ ಒಂದು ಆಫರ್ ಬಂದಿದೆ, ಎರಡು ವಾರದ ಗಡುವು ಇದೆ. ನಿಮ್ಮ ಪಟ್ಟಿಯಲ್ಲಿ ನಾನು ಎಷ್ಟನೆಯವಳು? ನನಗೆ ಎಷ್ಟು ಸ್ಕಾಲರ್‌ಶಿಪ್ ಕೊಡಬಲ್ಲಿರಿ?" ಇದರಲ್ಲಿ ಅಧಿಕಪ್ರಸಂಗ ಏನೂ ಇಲ್ಲ. ನಿಜವಾಗಿ ಬೇಕಿದ್ದರೆ ಎರಡು ದಿನದಲ್ಲಿ ಉತ್ತರ ಬರುತ್ತದೆ. "ನೋಡೋಣ, ಟಚ್‌ನಲ್ಲಿರೋಣ" ಎಂದರೆ ಮುಂದೆ ಇನ್ಯಾರೋ ಇದ್ದಾರೆ ಅಂತ ಅರ್ಥ. ಈಗ ಜಾಗವೂ ಕಮ್ಮಿ. 2025ರ ಜುಲೈನಿಂದ, ಹೌಸ್ ಒಪ್ಪಂದಕ್ಕೆ (ಕಾಲೇಜು ಆಟಗಾರರು ಹಾಕಿದ್ದ ಮೊಕದ್ದಮೆಯ ರಾಜಿ) ಸೇರಿದ ಕಾಲೇಜುಗಳಲ್ಲಿ ಟೆನಿಸ್ ತಂಡಕ್ಕೆ 10 ಜನರ ಮಿತಿ ಇದೆ. ಪೂರ್ತಿ ಸ್ಕಾಲರ್‌ಶಿಪ್ ಆ ಹತ್ತೂ ಜನಕ್ಕೆ ಬೇಕಾದರೂ ಕೊಡಬಹುದು, ಆದರೆ ಹನ್ನೊಂದನೆಯವಳಿಗೆ ತಂಡದಲ್ಲೇ ಜಾಗ ಇಲ್ಲ.

ಒಬ್ಬ ತಂದೆ, ಬೆಂಗಳೂರು:
ಸರ್, ಸೇರಿದ ಮೇಲೆ ಕೋಚ್ ಕೆಲಸ ಬಿಟ್ಟು ಹೋದರೆ? ಇಲ್ಲ ಮಗುವಿಗೆ ಪೆಟ್ಟಾದರೆ?

ಉತ್ತರ:
ಸ್ಕಾಲರ್‌ಶಿಪ್ ಕೊಡುವುದು ಕಾಲೇಜು, ಕೋಚ್ ಅಲ್ಲ. ಅವರು ಹೋದರೂ ಒಪ್ಪಂದ ಉಳಿಯುತ್ತದೆ. ಪೆಟ್ಟಾಯಿತು, ಆಟ ಕುಗ್ಗಿತು ಎಂದು ಒಪ್ಪಂದದ ಅವಧಿ ನಡುವೆ ಕಡಿಮೆ ಮಾಡುವಂತಿಲ್ಲ. ಆದರೆ ಅವಧಿ ಎಷ್ಟು, ಒಂದು ವರ್ಷವಾ ನಾಲ್ಕು ವರ್ಷವಾ? ಕಾಗದದಲ್ಲಿ ಅದನ್ನೇ ಮೊದಲು ಹುಡುಕಿ. ಹಳೇ ನಿಯಮಗಳಿದ್ದಾಗ ನನ್ನ ಕಣ್ಣೆದುರೇ ಒಬ್ಬ ಹುಡುಗಿಗೆ ಮೊಣಕಾಲು ಹೋಯಿತು. ಒಂದು ವರ್ಷದ ಒಪ್ಪಂದ, ಮುಂದಿನ ವರ್ಷ ನವೀಕರಿಸಲಿಲ್ಲ. ಆ ಮನೆಯವರಿಗೆ ಈ ಮಾತು ಮೊದಲೇ ಸರಿಯಾಗಿ ಹೇಳಲಿಲ್ಲವಲ್ಲ ಎಂದು ನನಗೆ ಇವತ್ತಿಗೂ ಬೇಜಾರಿದೆ. ಅದಕ್ಕೇ ಎಲ್ಲ ಮಕ್ಕಳನ್ನೂ ಕೇಳುತ್ತೇನೆ: ರ‍್ಯಾಕೆಟ್ ಹಿಡಿಯಲು ಆಗದಿದ್ದರೂ ಈ ಕಾಲೇಜಿನಲ್ಲಿ ಓದಲು ಇಷ್ಟವಾ?

ಇನ್ನೊಬ್ಬರು, ಹುಬ್ಬಳ್ಳಿ:
ಕಾಲೇಜಿಗೆ ಹೋದರೆ ಪ್ರೊ ಆಟ ಮುಗಿದ ಹಾಗೆ ಅನ್ನುತ್ತಾರಲ್ಲ ಸರ್?

ಉತ್ತರ:
ಹಾಗೇನಿಲ್ಲ. ಸೋಮದೇವ್ ದೇವವರ್ಮನ್ ವರ್ಜೀನಿಯಾ ವಿಶ್ವವಿದ್ಯಾಲಯಕ್ಕೆ ಆಡಿ 2007 ಮತ್ತು 2008ರಲ್ಲಿ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ) ಸಿಂಗಲ್ಸ್ ಗೆದ್ದರು. ಓದು ಮುಗಿಸಿ ಪ್ರೊ ಆಟಕ್ಕೆ ಹೋಗಿ 2010ರ ಏಷ್ಯನ್ ಗೇಮ್ಸ್‌ನಲ್ಲಿ ಸಿಂಗಲ್ಸ್ ಚಿನ್ನ ತಂದರು.

ಪ್ರಶ್ನೆ ಕೇಳಿದ ತಾಯಿ (ಒಂಬತ್ತು ದಿನದ ನಂತರ):
ಸರ್, ಕಾಗದ ಬಂತು. ಒಟ್ಟು ಖರ್ಚಿನ 60 ಪರ್ಸೆಂಟ್, ನಾಲ್ಕು ವರ್ಷಕ್ಕೆ. ಎರಡನೆಯವರು "ಏಪ್ರಿಲ್‌ವರೆಗೆ ಕಾಯಿರಿ" ಎಂದರು. ಮಗಳು ಮೊದಲ ಕಾಲೇಜಿನ ಇಬ್ಬರು ಆಟಗಾರ್ತಿಯರ ಜೊತೆ ಕೋಚ್ ಇಲ್ಲದೆ ಮಾತಾಡಿದಳು. ಈಗ ಅವಳೇ ಅಲ್ಲಿಗೆ ಹೋಗುತ್ತೇನೆ ಅನ್ನುತ್ತಿದ್ದಾಳೆ.

ಉತ್ತರ:
ಹಾಗಿದ್ದರೆ ಕಾಯಬೇಡಿ ಮೇಡಂ, ಸಹಿ ಮಾಡಿ. ಏಪ್ರಿಲ್‌ನಲ್ಲಿ ಅಲ್ಲಿ ಜಾಗ ಇಲ್ಲ ಎಂದರೆ ಇದೂ ಇರುವುದಿಲ್ಲ, ಆಗಸ್ಟ್‌ಗೆ ವೀಸಾ ಮಾಡಿಸುವಷ್ಟು ಸಮಯವೂ ಇರುವುದಿಲ್ಲ. ಆಡುವ ಅರ್ಹತೆ ನೋಡುವ ಎನ್‌ಸಿಎಎ ಎಲಿಜಿಬಿಲಿಟಿ ಸೆಂಟರ್‌ಗೆ ಹೈಸ್ಕೂಲಿನಿಂದ ಹಿಡಿದು ಎಲ್ಲ ಅಂಕಪಟ್ಟಿ ಬೇಕು, ಈಗಲೇ ಜೋಡಿಸಿಡಿ. ಎರಡನೇ ಕೋಚ್‌ಗೆ ಮಗಳೇ ಫೋನ್ ಮಾಡಿ ಥ್ಯಾಂಕ್ಸ್ ಹೇಳಿ ತಿಳಿಸಲಿ. ಅವಳಿಗೆ ನನ್ನ ಕಡೆಯಿಂದ ತುಂಬಾ ಶುಭಾಶಯ ಹೇಳಿ.